ಕಾವಲು, ಕೆರೆ, ತೋಟ: ತಿಪಟೂರು ಸೀಮೆಯ ಮಣ್ಣಿನ ಇಂಗಾಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಮರಳುಗಾಡಲ್ಲ. ಆದರೂ ಅವು ಒಣನಾಡಿನ ಲೆಕ್ಕಕ್ಕೇ ಸೇರುತ್ತವೆ. 1994ರಲ್ಲಿ ವಿಶ್ವಸಂಸ್ಥೆಯಲ್ಲಿ ಅಂಗೀಕಾರವಾದ ಮರುಭೂಮೀಕರಣ ತಡೆ ಒಪ್ಪಂದವು ಅರೆಶುಷ್ಕ ಪ್ರದೇಶದಲ್ಲಿ ನೆಲ ಸತ್ವಗೆಡುವುದನ್ನೂ ಮರುಭೂಮೀಕರಣವೆಂದೇ ಎಣಿಸುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಇಂಥ ಕಡೆ ಮಣ್ಣಿಗೆ ಬೀಳುವ ಸೊಪ್ಪುಸದೆ ಅಲ್ಪ, ಬಿದ್ದದ್ದು ಕರಗಿಹೋಗುವ ವೇಗ ಜಾಸ್ತಿ. ಭೂಮಿಯ ಮೇಲಿನ 1 ಮೀಟರ್ ಮಣ್ಣಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲವಿದೆ, ಗಾಳಿಯಲ್ಲಿ ಇರುವುದಕ್ಕಿಂತ ಹೆಚ್ಚು. ಕೆಮ್ಮಣ್ಣಿನ ಈ ಸೀಮೆಯ ಪಾಲು ಅದರಲ್ಲಿ ತೀರಾ ಚಿಕ್ಕದು. ಚಿಕ್ಕದಾದ್ದರಿಂದಲೇ ನೆಲದ ಬಳಕೆ ಸ್ವಲ್ಪ ಬದಲಾದರೂ ಇಲ್ಲಿ ಏಟು ಜೋರಾಗಿ ಬೀಳುತ್ತದೆ.

ಹಿಂದೆ ಇಲ್ಲಿನ ಎತ್ತರದ ನೆಲದ ದೊಡ್ಡ ಪಾಲು ಹುಲ್ಲಿಗೆ ಮೀಸಲಾಗಿತ್ತು. ಮೈಸೂರು ಒಡೆಯರ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಅದರ ದನಗಳಿಗೆಂದು ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳಿದ್ದವು. ಸಂಸ್ಥಾನದಾದ್ಯಂತ ಅವುಗಳ ವಿಸ್ತಾರ ಒಂದು ಕಾಲಕ್ಕೆ 4 ಲಕ್ಷ ಎಕರೆ ಮೀರಿತ್ತು. ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿ ಕೇಂದ್ರ ಇಂದಿಗೂ ಇದೆ. ನೇಗಿಲು ಮುಟ್ಟದ ಹುಲ್ಲುನೆಲದಲ್ಲಿ ಇಂಗಾಲ ಕೂಡಿಡುವ ಕೆಲಸ ಬೇರಿನದು. ಮೇಲೆ ದನ ಮೇಯ್ದರೂ ಕೆಳಗೆ ಬೇರು ಸಾಯುತ್ತ, ಚಿಗುರುತ್ತ ಹೋಗುತ್ತದೆ. ಸತ್ತ ಬೇರು ಮಣ್ಣಿನ ಹರಳುಗಳ ಒಳಗೆ ಸೇರಿಕೊಂಡು, ಸೂಕ್ಷ್ಮಜೀವಿಗಳ ಬಾಯಿಗೆ ಸುಲಭವಾಗಿ ಸಿಗದೆ ಉಳಿಯುತ್ತದೆ.

ತೋಟ ಇದ್ದದ್ದು ತಗ್ಗಿನಲ್ಲಿ, ಕೆರೆಯ ಹಿಂದೆ. ತುರುವೇಕೆರೆ ಹೊಯ್ಸಳರ ಕಾಲದಲ್ಲೇ ಅಗ್ರಹಾರವಾಗಿದ್ದ ಊರು. 1800ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೆಂಗು, ಅಡಿಕೆ ತೋಟಗಳ ವಿವರ ಬರೆದಿಟ್ಟಿದ್ದಾನೆ. ಅಂದಿನ ತೋಟದ ಫಲವತ್ತತೆ ತೋಟದೊಳಗೇ ಹುಟ್ಟಿದ್ದಲ್ಲ. ಕಾವಲಲ್ಲಿ, ಗೋಮಾಳದಲ್ಲಿ ಮೇಯ್ದ ದನದ ಗೊಬ್ಬರ ತಿಪ್ಪೆಯ ಮೂಲಕ ತೋಟಕ್ಕೆ ಬರುತ್ತಿತ್ತು. ಬದುವಿನ ಹೊಂಗೆಯ ಸೊಪ್ಪೂ ಬರುತ್ತಿತ್ತು. ಮಳೆಗೆ ಮೇಲಿನ ಹೊಲಗಳಿಂದ ಕೊಚ್ಚಿಹೋದ ಮಣ್ಣು ಕೆರೆಯಂಗಳದಲ್ಲಿ ನಿಂತು, ಬೇಸಿಗೆಯಲ್ಲಿ ಗೋಡಾಗಿ ಗಾಡಿ ಏರಿ ತೋಟ ಸೇರುತ್ತಿತ್ತು. ಗೋಡು ಹೊಡೆಯುವುದನ್ನು ಕೆರೆಯ ಹೂಳೆತ್ತುವ ಕೆಲಸವೆಂದಷ್ಟೇ ನೋಡುವುದು ಸಾಲದು. ಹೊಲ ಕಳೆದುಕೊಂಡ ಇಂಗಾಲವನ್ನು ಊರಿನ ಎಲ್ಲೆಯೊಳಗೇ ಹಿಡಿದಿಡುತ್ತಿದ್ದ ವ್ಯವಸ್ಥೆ ಅದು. ಹತ್ತಾರು ಎಕರೆ ಹುಲ್ಲು, ಹೊಲಗಳ ಸಾರ ಒಂದೆರಡು ಎಕರೆ ತೋಟದಲ್ಲಿ ನೆಲೆಗೊಳ್ಳುತ್ತಿತ್ತು.

1876–78ರ ಬರದಲ್ಲಿ ಸಂಸ್ಥಾನ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿತು. ಆ ಬಳಿಕ ರೈಲುಹಾದಿಗೆ ಒತ್ತು ಬಂತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ, 1889ರ ಹೊತ್ತಿಗೆ ತಿಪಟೂರಿನ ಮೇಲೆ ಹಾದು ಹರಿಹರಕ್ಕೆ ರೈಲು ಮುಟ್ಟಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ಉತ್ತರ ಭಾರತದ ಪೇಟೆ ಸೇರಿತು, ತಿಪಟೂರು ಕೊಬ್ಬರಿಯ ದೊಡ್ಡ ಮಾರುಕಟ್ಟೆಯಾಯಿತು. ಇಷ್ಟರಿಂದ ಮಣ್ಣಿಗೆ ದೊಡ್ಡ ನಷ್ಟವಾಗಲಿಲ್ಲ. ಊರು ಬಿಟ್ಟು ಹೋದದ್ದು ಕೊಬ್ಬರಿ ಮಾತ್ರ. ಗರಿ, ಮಟ್ಟೆ, ಚಿಪ್ಪು ಇಲ್ಲೇ ಉಳಿದವು.

ನಷ್ಟ ಶುರುವಾದದ್ದು ಕಾವಲುಗಳು ಒಡೆದಾಗ. 1940ರ ದಶಕದ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನದಿಂದ ಮುಂದಕ್ಕೆ ಕಾವಲು ಭೂಮಿ ಸಾಗುವಳಿಗೆ ಹಂಚಿಹೋಯಿತು. ಹಸಿವಿನ ಕಾಲದಲ್ಲಿ ಅದು ಬೇಕಾಗಿದ್ದ ನಿರ್ಧಾರ, ಭೂಮಿಯಿಲ್ಲದವರಿಗೆ ಭೂಮಿ ಸಿಕ್ಕಿದ್ದೂ ನಿಜ. ಆದರೆ ಹುಲ್ಲುನೆಲ ಮೊದಲ ಸಲ ನೇಗಿಲಿಗೆ ಸಿಕ್ಕಾಗ ಮಣ್ಣಿನ ಹರಳು ಒಡೆದು, ಬಹುಕಾಲದಿಂದ ಒಳಗೆ ಅಡಗಿದ್ದ ಇಂಗಾಲ ಗಾಳಿಗೆ ತೆರೆದುಕೊಳ್ಳುತ್ತದೆ. ಅದನ್ನು ತಿಂದ ಸೂಕ್ಷ್ಮಜೀವಿಗಳು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚು ಪಾಲು ಹೋಗಿಬಿಡುತ್ತದೆ. ಮೇವು ಕುಗ್ಗಿತು, ಮಂದೆ ಕುಗ್ಗಿತು, ತಿಪ್ಪೆಯೂ ಕುಗ್ಗಿತು.

ಒಣನಾಡಿಗೆ ಇನ್ನೊಂದು ಗುಣವಿದೆ. ಬೇಸಿಗೆಯಲ್ಲಿ ಕಾದು ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದೊಡನೆ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು, ಕೆಲವೇ ದಿನಗಳಲ್ಲಿ ಇಂಗಾಲವನ್ನು ಭರದಿಂದ ಹೊರಹಾಕುತ್ತವೆ. ಪೂರ್ವ ಆಫ್ರಿಕಾದ ಮಣ್ಣನ್ನು ಅಭ್ಯಾಸ ಮಾಡಿದ ಎಚ್. ಎಫ್. ಬರ್ಚ್ 1958ರಲ್ಲಿ ಇದನ್ನು ವಿವರಿಸಿದ. ತೋಟದ ಸಾಲುಗಳ ನಡುವೆ ಬೇಸಿಗೆಯಲ್ಲಿ ಪದೇಪದೇ ಉತ್ತು, ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಚೊಕ್ಕಟ ಇಡುವ ರೂಢಿ ಈ ಸೋರಿಕೆಯನ್ನು ಹೆಚ್ಚಿಸುತ್ತದೆ. ಎತ್ತಿನ ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್, ರೋಟವೇಟರ್ ಬಂದ ಮೇಲೆ ಮಣ್ಣು ಇನ್ನಷ್ಟು ಪುಡಿಯಾಯಿತು. ಮುಂಗಾರಿಗೆ ಮುಂಚೆ ಹೆಸರು, ಅಲಸಂದೆ ಚೆಲ್ಲಿ ನೆಲ ಮುಚ್ಚುವ ತೋಟಗಳಲ್ಲಿ ಬಿಸಿಲು ಮಣ್ಣಿಗೆ ಅಷ್ಟು ನೇರವಾಗಿ ತಾಗುವುದಿಲ್ಲ.

ಕೊಳವೆಬಾವಿ ತೆಂಗನ್ನು ಕೆರೆಯ ಹಿಂದಿನಿಂದ ಮೇಲಿನ ರಾಗಿಹೊಲಗಳಿಗೆ ಹತ್ತಿಸಿತು. ನೀರುಂಡ ಮರ ಕಾಂಡದಲ್ಲಿ, ಬೇರಿನಲ್ಲಿ ಇಂಗಾಲ ಕೂಡಿಸಿತೆಂಬುದು ನಿಜ. ಆದರೆ ಗಡಸು ನೀರಿನ ಲೆಕ್ಕ ಬೇರೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಣ್ಣಿನಲ್ಲಿ ಸುಣ್ಣವಾಗಿ ಗಟ್ಟಿಗೊಳ್ಳುವಾಗ ಅದರ ಇಂಗಾಲದ ಅರ್ಧ ಪಾಲು ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಮರುಭೂಮಿಯ ನೀರಾವರಿಯಲ್ಲಿ ಚೆನ್ನಾಗಿ ತಿಳಿದಿರುವ ಸಂಗತಿ ಇದು. 2010ರ ದಶಕದ ಬರಗಳಲ್ಲಿ ಬಾವಿ ಬತ್ತಿ ತೆಂಗಿನ ಮರಗಳ ಸುಳಿ ಒಣಗಿದಾಗ, ಕಾಂಡದಲ್ಲಿ ಕೂಡಿದ್ದ ಇಂಗಾಲವೂ ಸೌದೆಯಾಗಿ, ಗೆದ್ದಲಿನ ಪಾಲಾಗಿ ಗಾಳಿಗೆ ಮರಳಿತು. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿಗಾಗಿ ಮೇಲ್ಮಣ್ಣನ್ನೇ ತೆಗೆದುಹಾಕಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಮಣ್ಣೇ ಇಲ್ಲದಾದ ಇಳಿಜಾರಿಗೆ ಇಂಗಾಲ ಮರಳುವುದು ಉತ್ತ ಹೊಲಕ್ಕಿಂತ ಎಷ್ಟೋ ನಿಧಾನ.

2015ರಲ್ಲಿ ರಾಜಸ್ಥಾನದ ಮರುಭೂಮಿಯ ಅಂಚಿನ ಸೂರತ್‌ಗಢದಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಆರಂಭವಾಯಿತು. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಎಂಬ ಲೆಕ್ಕವಿದೆ. ಅದನ್ನು ಏರಿಸುವ ಸಾಮಗ್ರಿ ತೋಟದಲ್ಲೇ ಇದೆ. ಮರಗಳ ಸಾಲಿನ ನಡುವೆ ಅಗಳು ತೆಗೆದು ಮಟ್ಟೆ ಹೂತರೆ ಅದು ನೀರು ಹಿಡಿದಿಟ್ಟು, ಐದಾರು ವರ್ಷ ನಿಧಾನವಾಗಿ ಕಳಿತು ಮಣ್ಣಾಗುತ್ತದೆ. ಈಗ ಆ ಮಟ್ಟೆಗೆ ನಾರಿನ ಕಾರ್ಖಾನೆ, ಚಿಪ್ಪಿಗೆ ಇದ್ದಿಲಿನ ಗೂಡು ದುಡ್ಡು ಕೊಡುತ್ತವೆ. ರೈಲು ಬಂದಾಗ ಊರಿನಲ್ಲೇ ಉಳಿದಿದ್ದ ಪಾಲು ಕೂಡ ಲಾರಿ ಏರಿದೆ. ಕೊಬ್ಬರಿ ಬೆಲೆ ಕುಸಿದ ವರ್ಷ ಮಟ್ಟೆಯನ್ನು ಮಾರದೆ ತೋಟದಲ್ಲೇ ಹೂಳುವುದು ಸಣ್ಣ ಹಿಡುವಳಿದಾರರಿಗೆ ಸುಲಭವಲ್ಲ.