ಕಿವುಡ ಮಕ್ಕಳ ಶಿಕ್ಷಕರಿಗೆ ತರಬೇತಿ: ಮೈಸೂರಿನಿಂದ ಸಿಂಧನೂರಿನವರೆಗೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಹಳ್ಳಿಯಲ್ಲಿ ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದರೆ ಹೆತ್ತವರ ಮುಂದೆ ಎರಡು ದಾರಿಗಳಿವೆ. ಒಂದು, ಬಳ್ಳಾರಿ ಇಲ್ಲವೇ ಕಲಬುರಗಿಯ ಸರ್ಕಾರಿ ಕಿವುಡ ಮಕ್ಕಳ ವಸತಿ ಶಾಲೆಗೆ ಬಿಟ್ಟು ಬರುವುದು. ಇನ್ನೊಂದು, ಊರಿನ ಕನ್ನಡ ಶಾಲೆಗೇ ಸೇರಿಸುವುದು. ಆರು ವರ್ಷದ ಕೂಸನ್ನು ಅಷ್ಟು ದೂರ ಬಿಡಲು ಮನಸ್ಸು ಬಾರದವರು ಎರಡನೆಯದನ್ನೇ ಹಿಡಿಯುತ್ತಾರೆ. ಆದರೆ ಕಿವುಡ ಮಗುವಿಗೆ ಪಾಠ ಹೇಳುವುದನ್ನು ಆ ಊರಿನ ಶಿಕ್ಷಕರಿಗೆ ಯಾರು ಕಲಿಸಬೇಕು?

ಭಾರತದಲ್ಲಿ ಕಿವುಡರ ಶಾಲೆಗಳು ಶುರುವಾದದ್ದು 19ನೇ ಶತಮಾನದ ಕೊನೆಯಲ್ಲಿ. ಮುಂಬೈಯಲ್ಲಿ 1885ರ ಹೊತ್ತಿಗೆ, ಕೋಲ್ಕತ್ತದಲ್ಲಿ 1893ರಲ್ಲಿ, ನಮ್ಮ ಮೈಸೂರಿನಲ್ಲಿ 1901ರಲ್ಲಿ ಶಾಲೆಗಳು ತೆರೆದವು. ಅದಕ್ಕೂ ಮೊದಲೇ, 1880ರಲ್ಲಿ ಇಟಲಿಯ ಮಿಲಾನ್ ಸಮ್ಮೇಳನವು ಸನ್ನೆಗಿಂತ ಮಾತೇ ಮೇಲು ಎಂದು ನಿರ್ಣಯಿಸಿತ್ತು. ಜಗತ್ತಿನ ಬಹುಪಾಲು ಶಾಲೆಗಳಲ್ಲಿ ಮುಂದಿನ ನೂರು ವರ್ಷ ಆ ನಿರ್ಣಯದ ನೆರಳು ಉಳಿಯಿತು. ಮಗುವಿನಿಂದ ಮಾತಾಡಿಸುವುದು, ತುಟಿ ನೋಡಿ ಅರ್ಥಮಾಡಿಕೊಳ್ಳುವುದನ್ನು ರೂಢಿಸುವುದು ಶಿಕ್ಷಕರ ಮುಖ್ಯ ಕೆಲಸವಾಯಿತು. ಕನ್ನಡದಲ್ಲಿ ಇದು ಎಷ್ಟು ಕಷ್ಟವೆಂಬುದಕ್ಕೆ ಪರ, ಬರ, ಮರ ಎಂಬ ಮೂರು ಪದಗಳೇ ಸಾಕು. ಮೂರನ್ನೂ ದನಿಯಿಲ್ಲದೆ ಹೇಳಿ ಕನ್ನಡಿ ನೋಡಿಕೊಂಡರೆ ತುಟಿಯ ಚಲನೆಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ತರಬೇತಿಗೆ ಶಾಸ್ತ್ರೀಯ ನೆಲೆ ಸಿಕ್ಕಿದ್ದು ಸ್ವಾತಂತ್ರ್ಯಾನಂತರ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1983ರಲ್ಲಿ ಮುಂಬೈಯಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಹುಟ್ಟಿಕೊಂಡವು. ಶ್ರವಣ ಪರೀಕ್ಷೆ, ಶ್ರವಣ ಸಾಧನ, ಭಾಷಾ ಬೆಳವಣಿಗೆ ಶಿಕ್ಷಕರ ಪಾಠಕ್ರಮದೊಳಗೆ ಬಂದವು. ಮೈಸೂರಿನ ಸಂಸ್ಥೆಯ ಶಾಲಾಪೂರ್ವ ಕೇಂದ್ರ ತಾಯಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿತು. 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆ ವಿಶೇಷ ಶಿಕ್ಷಕರಿಗೆ ನಿಗದಿತ ವಿದ್ಯಾರ್ಹತೆ ಮತ್ತು ನೋಂದಣಿಯನ್ನು ಕಡ್ಡಾಯ ಮಾಡಿತು. 2015ರಿಂದ ವಿಶೇಷ ಬಿ.ಇಡಿ. ಎರಡು ವರ್ಷದ್ದಾಯಿತು.

ಸನ್ನೆ ಭಾಷೆಗೆ ಮರ್ಯಾದೆ ಸಿಗಲು ಇನ್ನೂ ಹೊತ್ತು ಹಿಡಿಯಿತು. ಸಂಶೋಧಕರಾದ ಮದನ್ ವಸಿಷ್ಠ ಮತ್ತು ಜೇಮ್ಸ್ ವುಡ್‌ವರ್ಡ್ ಅವರ ತಂಡ 1980ರ ದಶಕದಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ ನಗರಗಳ ಜೊತೆ ಬೆಂಗಳೂರಿನ ಸನ್ನೆಗಳನ್ನೂ ದಾಖಲಿಸಿತು. ವಸಿಷ್ಠ ಅವರು ಸ್ವತಃ ಕಿವುಡರು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. 2018ರಲ್ಲಿ 3,000 ಪದಗಳಿದ್ದ ಅದರ ನಿಘಂಟು 2021ಕ್ಕೆ 10,000 ಪದಗಳಿಗೆ ಬೆಳೆಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕು, ಅವರಲ್ಲಿ ಅಂಗವಿಕಲ ಶಿಕ್ಷಕರೂ ಇರಬೇಕು ಎಂದಿತು. 2024ರ ಡಿಸೆಂಬರ್‌ನಲ್ಲಿ ಪಿಎಂ ಇ-ವಿದ್ಯಾದ 31ನೇ ವಾಹಿನಿ ಸಂಜ್ಞಾ ಭಾಷೆಗೇ ಮೀಸಲಾಯಿತು. ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೆ ನಮ್ಮ ಮಗು ಓದುವ ಕನ್ನಡ ಪಠ್ಯ ರಾಜ್ಯದ್ದು. ಅದನ್ನು ಸನ್ನೆಗೆ ತರುವ ಹೊಣೆಯೂ ರಾಜ್ಯದ್ದೇ.

ಈ ನಡುವೆ ಕಿವುಡ ಮಕ್ಕಳು ಸಾಮಾನ್ಯ ಶಾಲೆಯ ಹೊಸಿಲು ದಾಟಿದ್ದರು. 1974ರ ಕೇಂದ್ರ ಯೋಜನೆಯಿಂದ ಆರಂಭವಾಗಿ ಸರ್ವ ಶಿಕ್ಷಾ ಅಭಿಯಾನದ ಕಾಲಕ್ಕೆ ‘ಸಮನ್ವಯ ಶಿಕ್ಷಣ’ ಇಲಾಖೆಯ ದಿನನಿತ್ಯದ ಮಾತಾಯಿತು. ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಬಂದರು. ಕುರುಡು, ಕಿವುಡು, ಬುದ್ಧಿಮಾಂದ್ಯ ಎಲ್ಲ ಬಗೆಯ ಮಕ್ಕಳನ್ನೂ ಅವರು ನೋಡಬೇಕು, ಶಾಲೆಗಳನ್ನು ಸುತ್ತಬೇಕು, ಮನೆಯಲ್ಲೇ ಕಲಿಯುವ ಮಕ್ಕಳ ಬಾಗಿಲಿಗೂ ಹೋಗಬೇಕು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಈ ಹೊರೆಯನ್ನು ಕಂಡೇ.

ಇಷ್ಟು ಹೊರೆ ಹೊತ್ತ ಸಂಪನ್ಮೂಲ ಶಿಕ್ಷಕರು ದಿನವೂ ಮಗುವಿನ ಜೊತೆ ಇರಲಾರರು. ಹಾಗಾಗಿ ತರಬೇತಿ ತಲುಪಬೇಕಾದ ಮುಖ್ಯ ವ್ಯಕ್ತಿ ತರಗತಿ ಶಿಕ್ಷಕರು. ಅವರಿಗೆ ಬೇಕಾದದ್ದರಲ್ಲಿ ಬಹಳಷ್ಟು ಕೈಗೆಟುಕುವಂಥದು. ಉದಾಹರಣೆಗೆ, ಡೇನಿಯಲ್ ಲಿಂಗ್ ರೂಪಿಸಿದ ಆರು ಧ್ವನಿಗಳ ಪರೀಕ್ಷೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಶಿಕ್ಷಕರು ಮಗುವಿನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂದು ಒಂದೊಂದಾಗಿ ಹೇಳುತ್ತಾರೆ. ಕೇಳಿಸಿದಾಗಲೆಲ್ಲ ಮಗು ಕೈ ಎತ್ತುತ್ತದೆ. ನಿನ್ನೆ ಆರಕ್ಕೂ ಎದ್ದ ಕೈ ಇಂದು ಏಳದಿದ್ದರೆ ಶ್ರವಣ ಸಾಧನದ ಬ್ಯಾಟರಿ ಮುಗಿದಿರಬಹುದು, ಕಿವಿಯಚ್ಚಿನಲ್ಲಿ ಗುಗ್ಗೆ ಕಟ್ಟಿರಬಹುದು. ಎರಡು ನಿಮಿಷದ ಈ ಕೆಲಸ ಮಾಡದಿದ್ದರೆ ಸಾವಿರಾರು ರೂಪಾಯಿಯ ಸಾಧನ ಕಿವಿಯಲ್ಲಿದ್ದೂ ಪ್ರಯೋಜನವಿಲ್ಲ. ಬೋರ್ಡಿನ ಕಡೆ ತಿರುಗಿ ಮಾತಾಡಬಾರದು, ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲಬೇಕು. ಹೊಲಕ್ಕೆ, ಹೊಲದಲ್ಲಿ, ಹೊಲದಿಂದ ಎಂಬ ಪದಗಳ ಕೊನೆಯ ಪ್ರತ್ಯಯ ಇಂಥ ಮಗುವಿಗೆ ಸುಲಭವಾಗಿ ತಪ್ಪಿಹೋಗುವುದರಿಂದ ಅದನ್ನು ಬರೆದು, ಅಭಿನಯಿಸಿ ತೋರಿಸಬೇಕು. ನಲಿ-ಕಲಿಯ ಚಿತ್ರಕಾರ್ಡುಗಳು ಇದಕ್ಕೆ ಒದಗಿಬರುತ್ತವೆ.

ಇಷ್ಟನ್ನು ಕಲಿಸಲು ಎಲ್ಲರೂ ಮೈಸೂರಿಗೆ ಹೋಗಬೇಕಿಲ್ಲ. ಯರಮರಸ್‌ನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ, ಬ್ಲಾಕ್ ಸಂಪನ್ಮೂಲ ಕೇಂದ್ರಗಳಿವೆ, ಕ್ಲಸ್ಟರ್ ಸಭೆಗಳಿವೆ. ಅಲ್ಲಿ ವರ್ಷಕ್ಕೆ ಕೆಲವು ದಿನಗಳನ್ನು ಇದಕ್ಕೆಂದೇ ತೆಗೆದಿಡಬೇಕು. ಈ ಸೀಮೆಯಲ್ಲೇ ಓದಿ ಬೆಳೆದ ಕಿವುಡ ಯುವಕ-ಯುವತಿಯರನ್ನು ಸಂಭಾವನೆ ಕೊಟ್ಟು ಸಂಜ್ಞಾ ಭಾಷೆಯ ಬೋಧಕರಾಗಿ ಕರೆಯಬೇಕು. ದುಡಿಮೆಗೆಂದು ಹೆತ್ತವರ ಜೊತೆ ಗುಳೆ ಹೋಗುವ ಕಿವುಡ ಮಗುವಿನ ಶ್ರವಣ ಪರೀಕ್ಷೆಯ ವರದಿ, ಕಲಿಕೆಯ ದಾಖಲೆ ಅದರ ಜೊತೆಗೇ ಹೋಗುವಂತಾಗಬೇಕು. ನೂರಿಪ್ಪತ್ತು ವರ್ಷಗಳಲ್ಲಿ ಈ ವಿದ್ಯೆ ಬೆಳೆದಿದೆ. ಊರಿನ ಶಾಲೆಗೆ ಅದು ಇನ್ನೂ ಸರಿಯಾಗಿ ತಲುಪಿಲ್ಲ. ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ಪಡೆದ ಕಲ್ಯಾಣ ಕರ್ನಾಟಕದಲ್ಲಿ ಶಿಕ್ಷಣಕ್ಕೆಂದು ಹಣ ತೆಗೆದಿಡುವಾಗ, ಕಟ್ಟಡದ ಜೊತೆಗೆ ಈ ತರಬೇತಿಗೂ ಒಂದು ಪಾಲು ಇಡಲಿ ಎಂದು ನಮ್ಮ ಜನಪ್ರತಿನಿಧಿಗಳನ್ನು, ಶಾಲಾಭಿವೃದ್ಧಿ ಸಮಿತಿಗಳ (ಎಸ್‌ಡಿಎಂಸಿ) ಸದಸ್ಯರನ್ನು ಕೇಳಿಕೊಳ್ಳುತ್ತೇನೆ.