ಕೇಪ್ ಇವಾನ್ಸ್: ಸ್ಮಾರಕವಲ್ಲದ ಒಂದು ಹೆಸರು

ಅಂಟಾರ್ಕ್ಟಿಕಾದ ರಾಸ್ ದ್ವೀಪದ ಪಶ್ಚಿಮ ದಡದಲ್ಲಿರುವ ಕೇಪ್ ಇವಾನ್ಸ್ ಭೂಶಿರಕ್ಕೆ, ದಕ್ಷಿಣ ಧ್ರುವದಿಂದ ಮರಳುವಾಗ 1912ರ ಫೆಬ್ರವರಿಯಲ್ಲಿ ತೀರಿಕೊಂಡ ಎಡ್ಗರ್ ಇವಾನ್ಸ್‌ನ ನೆನಪಿಗಾಗಿ ಆ ಹೆಸರು ಬಂತೆಂದು ಭಾವಿಸುವುದು ಸುಲಭ. ಅವನ ನಾಯಕ ಸ್ಕಾಟ್‌ನ ತಂಡದ ದುರಂತ ಓದುಗರ ಮನಸ್ಸನ್ನು ಅಷ್ಟು ಆವರಿಸಿದೆ. ಆದರೆ ಕಾಲಾನುಕ್ರಮ ಈ ಊಹೆಗೆ ಎಡೆಗೊಡುವುದಿಲ್ಲ. ಸ್ಕಾಟ್ ಈ ಹೆಸರನ್ನಿಟ್ಟದ್ದು 1911ರ ಜನವರಿಯಲ್ಲಿ. ಆಗ ಎಡ್ಗರ್ ಜೀವಂತನಾಗಿ ಅದೇ ತಂಡದಲ್ಲಿದ್ದ. ಗೌರವ ಸಂದದ್ದು ತಂಡದ ಉಪನಾಯಕ, ಲೆಫ್ಟಿನೆಂಟ್ ಎಡ್ವರ್ಡ್ ಇವಾನ್ಸ್‌ಗೆ.

ಹೆಸರು ಬಂದ ಸಂದರ್ಭವನ್ನು ಗಮನಿಸಬೇಕು. ತಂಡದ ಹಡಗು ಟೆರಾ ನೋವಾ ಮೊದಲು ಕೇಪ್ ಕ್ರೋಜಿಯರ್‌ಗೆ ಹೋಯಿತು. ಅಲೆಗಳ ಹೊಡೆತದಿಂದ ಅಲ್ಲಿ ಇಳಿಯಲಾಗಲಿಲ್ಲ. ಹಟ್ ಪಾಯಿಂಟ್‌ನ ದಾರಿಯನ್ನು ಸಮುದ್ರದ ಹಿಮ ಮುಚ್ಚಿತ್ತು. ಉಳಿದದ್ದು, ಸ್ಕಾಟ್‌ನ ಹಿಂದಿನ ಡಿಸ್ಕವರಿ ಯಾತ್ರೆಯ (1901–04) ಕಾಲದಲ್ಲಿ ಸ್ಕುವಾ ಹಕ್ಕಿಗಳ ಗೂಡುಗಳಿಂದಾಗಿ 'ಸ್ಕುವರಿ' ಎನಿಸಿಕೊಂಡಿದ್ದ ಈ ಕಪ್ಪು ಲಾವಾ ಮರಳಿನ ದಡ. ಚಳಿಗಾಲದ ಮನೆ ಇಲ್ಲೇ ಎಂದು ನಿಶ್ಚಯವಾದಾಗ ಹೆಸರೂ ಬದಲಾಯಿತು. ಅಂದರೆ ಇದು ಕಂಡುಹಿಡಿದವರ ಹೆಸರಲ್ಲ, ನೆಲೆ ನಿಂತವರ ಹೆಸರು.

ಇದು ಕೇವಲ ಋಣಸಂದಾಯವೆಂದು ವಾದಿಸಬಹುದು. ತನ್ನದೇ ಯಾತ್ರೆಯೊಂದನ್ನು ಯೋಜಿಸುತ್ತಿದ್ದ ಎಡ್ವರ್ಡ್ ಅದನ್ನು ಕೈಬಿಟ್ಟು ಸ್ಕಾಟ್‌ನ ಜೊತೆ ಸೇರಿದ. ವೇಲ್ಸ್‌ನ ಬೆಂಬಲಿಗರ ಹಣವೂ ಅವನೊಂದಿಗೆ ಬಂತು. ಈ ಋಣ ನಿಜ. ಆದರೂ ಅದನ್ನು ತೀರಿಸಿದ ರೀತಿ ಈ ಕರಾವಳಿಯಲ್ಲಿ ಮೊದಲೇ ರೂಢವಾಗಿತ್ತು. 1841ರಲ್ಲಿ ಜೇಮ್ಸ್ ರಾಸ್ ತನ್ನ ಜೊತೆಹಡಗಿನ ಕಪ್ತಾನ ಕ್ರೋಜಿಯರ್‌ನ ಹೆಸರನ್ನೂ ಲೆಫ್ಟಿನೆಂಟ್ ಬರ್ಡ್‌ನ ಹೆಸರನ್ನೂ ಇದೇ ದ್ವೀಪದ ಭೂಶಿರಗಳಿಗೆ ಇಟ್ಟಿದ್ದ. ನೆರೆಯ ರಾಯ್ಡ್ಸ್, ಬಾರ್ನ್ ಭೂಶಿರಗಳೂ ಡಿಸ್ಕವರಿಯ ನೌಕಾಧಿಕಾರಿಗಳ ಹೆಸರನ್ನೇ ಹೊತ್ತಿವೆ. ನೌಕಾಪಡೆಯ ಪದವಿಕ್ರಮವೇ ಇಲ್ಲಿ ನಕ್ಷೆಗಿಳಿದಿದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹಕ್ಕಿಗಳ ಹೆಸರನ್ನು ಅಳಿಸಿ ಅಧಿಕಾರಿಯ ಹೆಸರಿಟ್ಟದ್ದು ನಷ್ಟವಲ್ಲವೇ? ಹೌದು, ನಷ್ಟವೇ. ಸ್ಕುವಾಗಳು ಇಂದಿಗೂ ಅಲ್ಲಿ ಗೂಡು ಕಟ್ಟುತ್ತವೆ. ಹಳೆಯ ಹೆಸರು ಹೇಳುತ್ತಿದ್ದುದು ಕಣ್ಣಿಗೆ ಕಾಣುವ ಸಂಗತಿಯನ್ನು. ಹೆಸರು ಬದಲಾಗಲೇಬೇಕಿತ್ತು ಎನ್ನಲೂ ಆಗದು: ಗುಡಿಸಲಿನಿಂದ ಹೆಸರು ಪಡೆದ ಹಟ್ ಪಾಯಿಂಟ್ ಹಾಗೆಯೇ ಉಳಿಯಿತು. ಆದರೆ ಈ ನಷ್ಟವನ್ನು ಒಪ್ಪಿದರೂ, ಈ ಹೆಸರು ಸ್ಮಾರಕವಲ್ಲ ಎಂಬ ಮೂಲ ವಾದ ಸಡಿಲವಾಗದು. ಈ ಭೂಶಿರದಲ್ಲಿ ನಿಜವಾದ ಸ್ಮಾರಕ ಬೇರೆಯೇ ಇದೆ: ವಿಂಡ್ ವೇನ್ ದಿಬ್ಬದ ಮೇಲಿನ ಮರದ ಶಿಲುಬೆ. ಅದು ಶ್ಯಾಕಲ್‌ಟನ್‌ನ ರಾಸ್ ಸಮುದ್ರ ತಂಡದಲ್ಲಿ 1916ರಲ್ಲಿ ಮಡಿದ ಮೂವರದು. ಹೆಸರನ್ನು ಸ್ಮಾರಕವೆಂದು ತಪ್ಪಾಗಿ ತಿಳಿಯದಂತೆ ಸ್ಥಳನಾಮ ಕೋಶಗಳು ಕೇಪ್ ಇವಾನ್ಸ್ ಎಂಬುದರ ಪಕ್ಕದಲ್ಲಿ 1911 ಎಂಬ ವರ್ಷವನ್ನೂ 'ಸ್ಕುವರಿ' ಎಂಬ ಹಳೆಯ ಹೆಸರನ್ನೂ ತಪ್ಪದೆ ಅಚ್ಚುಮಾಡಬೇಕು.