ಎಫ್‌ಡಿಸ್ಕ್‌ನ ಕೀರ್ತಿ ಮತ್ತು ಮಂಕಿ ವೈರಸ್‌ನ ಸಾಕ್ಷ್ಯ

ಬೂಟ್ ವೈರಸ್‌ಗಳ ಚರಿತ್ರೆಯಲ್ಲಿ ಒಂದು ಮಾತು ಪರೀಕ್ಷೆಯಿಲ್ಲದೆ ಬೇರೂರಿದೆ: 1991ರ ಡಾಸ್ 5ರಲ್ಲಿ ಸದ್ದಿಲ್ಲದೆ ಸೇರಿಕೊಂಡ ‘ಎಫ್‌ಡಿಸ್ಕ್ /ಎಂಬಿಆರ್’ ಆಜ್ಞೆಯೇ ಇವಕ್ಕೆಲ್ಲ ಮದ್ದು; ಸೋಂಕಿಲ್ಲದ ಫ್ಲಾಪಿಯಿಂದ ಯಂತ್ರ ಎಬ್ಬಿಸಿ ಈ ಆಜ್ಞೆ ಕೊಟ್ಟರೆ ಮುಗಿಯಿತು. ಹೀಗೆ ಬರೆದವರು 1987ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಹುಟ್ಟಿದ ಸ್ಟೋನ್ಡ್ ಒಂದನ್ನೇ ನೋಡಿ ಇಡೀ ಕುಲದ ಲಕ್ಷಣ ಹೇಳಿದ್ದಾರೆ.

ಸ್ಟೋನ್ಡ್ ಮಟ್ಟಿಗೆ ಅವರ ಮಾತು ಸರಿ. ಅದು ಮೂಲ ಸೆಕ್ಟರನ್ನು (ಡಿಸ್ಕಿನ ಮೊದಲ ಸೆಕ್ಟರ್, ಅಂದರೆ ಎಂಬಿಆರ್) ಅದೇ ಟ್ರ್ಯಾಕಿನ 7ನೇ ಸೆಕ್ಟರಿಗೆ ಸಾಗಿಸಿದರೂ, ಪಾರ್ಟಿಶನ್ ಪಟ್ಟಿಯ 64 ಬೈಟುಗಳನ್ನು ತನ್ನ ಪ್ರತಿಯಲ್ಲಿ ಯಥಾಸ್ಥಾನದಲ್ಲಿ ಉಳಿಸಿಕೊಳ್ಳುತ್ತದೆ. ಎಫ್‌ಡಿಸ್ಕ್ ಬದಲಿಸುವುದು ಮೊದಲ 446 ಬೈಟುಗಳ ಕೋಡನ್ನು ಮಾತ್ರ. ಪಟ್ಟಿ ಉಳಿದದ್ದು ವೈರಸ್ ಬರೆದವನ ದಾಕ್ಷಿಣ್ಯದಿಂದ, ಆಜ್ಞೆಯ ಜಾಣತನದಿಂದಲ್ಲ. (ಸೆಕ್ಟರಿನ ಕೊನೆಯ ಎರಡು ಸಹಿ ಬೈಟುಗಳು ಇಲ್ಲದಿದ್ದರೆ ಇದೇ ಆಜ್ಞೆ ಪಟ್ಟಿಯನ್ನೂ ಸೊನ್ನೆಯಾಗಿಸುತ್ತದೆ. ಇದನ್ನು ಹೊಗಳುವವರು ಈ ವಿಷಯ ಎತ್ತುವುದಿಲ್ಲ.)

ಮಂಕಿ ವೈರಸ್‌ಗೆ ಆ ದಾಕ್ಷಿಣ್ಯವಿಲ್ಲ. ಮೂಲ ಸೆಕ್ಟರಿನ ಪ್ರತಿ ಬೈಟನ್ನೂ 46 ಎಂಬ ಸಂಖ್ಯೆಯೊಡನೆ ಎಕ್ಸ್‌ಆರ್ ಮಾಡಿ 3ನೇ ಸೆಕ್ಟರಿನಲ್ಲಿ ಅಡಗಿಸುತ್ತದೆ. ಮೊದಲ ಸೆಕ್ಟರಿನಲ್ಲಿ ಪಟ್ಟಿಯನ್ನೇ ಉಳಿಸುವುದಿಲ್ಲ. ಶುದ್ಧ ಫ್ಲಾಪಿಯಿಂದ ಬೂಟ್ ಮಾಡಿದರೆ ಡಾಸ್‌ಗೆ ಸಿ ಡ್ರೈವ್ ಕಾಣುವುದೇ ಇಲ್ಲ. ಆಗ ಎಫ್‌ಡಿಸ್ಕ್ ಓಡಿಸಿದವನು, ಪಟ್ಟಿ ಎಲ್ಲಿದೆ ಎಂದು ಬಲ್ಲ ಒಂದೇ ಒಂದು ಪ್ರೋಗ್ರಾಮನ್ನು ಅಳಿಸಿದಂತಾಯಿತು. ಇನ್ನು ಡಿಸ್ಕ್ ತಾನಾಗಿಯೂ ಏಳದು. ದತ್ತಾಂಶ ಮಾತ್ರ ಇದ್ದಲ್ಲೇ ಇದೆ. 3ನೇ ಸೆಕ್ಟರನ್ನು ಓದಿ, ಮತ್ತೆ 46ರೊಡನೆ ಎಕ್ಸ್‌ಆರ್ ಮಾಡಿ ಮೊದಲ ಸೆಕ್ಟರಿಗೆ ಬರೆದರೆ ಎಲ್ಲ ಹಿಂದಿರುಗುತ್ತದೆ. ಇದು ತಿಳಿಯದೆ ಫಾರ್ಮ್ಯಾಟ್ ಮಾಡಿದರೆ ಆ ನಷ್ಟವನ್ನು ವೈರಸ್‌ನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ನಮ್ಮವರು ಕಡೆಗಣಿಸಿದ ಸಾಕ್ಷಿಯೊಂದು ಇಲ್ಲಿದೆ: ಮೆಮೊರಿಯಲ್ಲಿ ಕೂತಿರುವ ವೈರಸ್. ಯಾರಾದರೂ ಮೊದಲ ಸೆಕ್ಟರ್ ಕೇಳಿದರೆ ಮಂಕಿ ತನ್ನನ್ನು ಮರೆಮಾಚಲು ಮೂಲ ಪ್ರತಿಯನ್ನೇ ಬಿಡಿಸಿ ಕೊಡುತ್ತದೆ. 1986ರಲ್ಲಿ ಲಾಹೋರಿನ ಅಲ್ವಿ ಸಹೋದರರ ಬ್ರೈನ್ ಫ್ಲಾಪಿಗಳಲ್ಲಿ ಆಡಿದ್ದೂ ಇದೇ ಆಟ. ಹಾಗಾಗಿ ಸೋಂಕಿರುವಾಗಲೇ ಆ ಸೆಕ್ಟರನ್ನು ಓದಿ ಫ್ಲಾಪಿಗೆ ನಕಲಿಸಿ, ಆಮೇಲೆ ಶುದ್ಧ ಬೂಟ್ ಮಾಡುವುದು ಸಾಧ್ಯವಿತ್ತು. ‘ಮೊದಲು ಶುದ್ಧ ಬೂಟ್’ ಎಂಬ ಮಡಿವಂತಿಕೆ ಈ ದಾರಿಯನ್ನು ಮುಚ್ಚಿತು.

ಹಾಗೆಂದು ಮೂಲ ಸೆಕ್ಟರನ್ನು ಮರಳಿ ತರುವುದೇ ಸರ್ವತ್ರ ಸರಿ ಎನ್ನುವ ಎದುರು ಬಣಕ್ಕೂ ನಾನು ಸೇರಲಾರೆ. ಸ್ಟೋನ್ಡ್ ತಗುಲಿದ ಡಿಸ್ಕಿಗೆ ಮೈಕೆಲೆಂಜೆಲೊ ವೈರಸ್ ತಗುಲಿದಾಗ ಎರಡೂ ಬಳಸುವುದು ಅದೇ 7ನೇ ಸೆಕ್ಟರ್. ಅಲ್ಲಿದ್ದ ಮೂಲದ ಮೇಲೆ ಸ್ಟೋನ್ಡ್ ಕೂರುತ್ತದೆ, ಯಂತ್ರ ಏಳುವುದಿಲ್ಲ; ಆ ಸೆಕ್ಟರನ್ನು ‘ಮೂಲ’ವೆಂದು ಹಿಂದಿರುಗಿಸಿದರೆ ಸಿಗುವುದು ಹಳೆಯ ರೋಗ. ಪಟ್ಟಿ ಸ್ವಸ್ಥಾನದಲ್ಲೇ ಇರುವುದರಿಂದ ಇಲ್ಲಿ ನಾನು ಹಳಿದ ಎಫ್‌ಡಿಸ್ಕೇ ಕೈಹಿಡಿಯುತ್ತದೆ.

1994ರ ಒನ್‌ಹಾಫ್‌ಗೆ ಬಂದರೆ ಎರಡೂ ಬಣದವರ ಮಾತು ನಿಲ್ಲುವುದಿಲ್ಲ. ಅದು ಪ್ರತಿ ಬೂಟಿಗೂ ಡಿಸ್ಕಿನ ಕೊನೆಯಿಂದ ಎರಡೆರಡು ಟ್ರ್ಯಾಕುಗಳನ್ನು ಗೂಢಲಿಪಿಗೆ ತಿರುಗಿಸುತ್ತದೆ. ಬಿಡಿಸುವ ಕೀಲಿ ಇರುವುದು ಸೋಂಕಿದ ಎಂಬಿಆರ್‌ನಲ್ಲಿ. ಆ ಕೀಲಿಯನ್ನು ತೆಗೆದಿಟ್ಟು, ಟ್ರ್ಯಾಕುಗಳನ್ನೆಲ್ಲ ಬಿಡಿಸಿಯಾದ ಮೇಲಷ್ಟೇ ಎಂಬಿಆರ್ ಮುಟ್ಟಬೇಕು.